ಕ್ಷೇತ್ರಕಾರ್ಯದ ಮೋಟಾರು ಮತ್ತು ಅದರ ಮುಂದಿನ ಗಾಜು

ಇತಿಹಾಸದ ಅಧ್ಯಾಪಕರು ಮೋಟಾರುಗಾಡಿಯ ಗಾಜನ್ನು ಕುರಿತು ಬರೆಯಹೊರಟರೆ ಓದುಗರಿಗೆ ಆಶ್ಚರ್ಯವಾಗುವುದು ಸಹಜ. ಆದರೆ ಕಿತ್ತೂರಿನ ಕೋಟೆ, ಬೈಲಹೊಂಗಲದಲ್ಲಿರುವ ರಾಣಿ ಚೆನ್ನಮ್ಮನ ಸಮಾಧಿ, ರಟ್ಟರ ರಾಜಧಾನಿಯಾಗಿದ್ದ ಸವದತ್ತಿ, ಅದರ ಸಮೀಪದ ಹೂಲಿಯ ದೇವಾಲಯಗಳು, ಒಂದು ಕಾಲಕ್ಕೆ ಸಂಸ್ಥಾನವಾಗಿದ್ದ ರಾಮದುರ್ಗ, ಇವುಗಳನ್ನು ನೋಡಹೊರಡುವ ತಂಡವು ಕಲ್ಲಿನ ಮುಂದೆ ಕಳೆಯುವುದಕ್ಕಿಂತ ಹೆಚ್ಚು ಹೊತ್ತನ್ನು ಗಾಜಿನ ಹಿಂದೆಯೇ ಕಳೆಯುತ್ತದೆ. ಒಮ್ಮೆ ಮಾಘಮಾಸದ ಸಂಜೆ ನಾವು ವಿದ್ಯಾರ್ಥಿಗಳೊಡನೆ ರಾಮದುರ್ಗದಿಂದ ಸವದತ್ತಿಯತ್ತ ಮರಳುತ್ತಿದ್ದೆವು. ಇಳಿಬಿಸಿಲು ಎದುರಿಗೆ ಬಿದ್ದೊಡನೆ ಗಾಜೆಲ್ಲ ಹಾಲು ಬಳಿದಂತೆ ಬೆಳ್ಳಗಾಯಿತು. ರಸ್ತೆಯಂಚಿನಲ್ಲಿ ಕಬ್ಬು ಹೇರಿಕೊಂಡು ನಿಂತಿದ್ದ ಟ್ರೇಲರು ಹದಿನೈದು ಮಾರು ಸಮೀಪಕ್ಕೆ ಬರುವವರೆಗೂ ಚಾಲಕನಿಗೆ ಕಾಣಿಸಲಿಲ್ಲ. ಅವನು ಗಾಡಿಯನ್ನು ತಟ್ಟನೆ ಹೊರಳಿಸಿದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ತಪ್ಪು ಅವನದಲ್ಲ, ಮಧ್ಯಾಹ್ನ ಗಾಜಿನ ಧೂಳನ್ನು ಒಣ ಟವೆಲಿನಿಂದ ತಿಕ್ಕಿ ಒರೆಸಿದವರು ನಾವೇ.

ಸವೆದ ಶಾಸನವನ್ನು ಓದುವವರು ಓರೆಬೆಳಕನ್ನು ಅರಸುವುದುಂಟು. ನಡುಹಗಲಿನಲ್ಲಿ ಕಾಣದ ಅಕ್ಷರಗಳು ಸಂಜೆಯ ಬಿಸಿಲಿನಲ್ಲಿ ಎದ್ದು ತೋರುತ್ತವೆ. ಶಿಲೆಯ ವಿಷಯದಲ್ಲಿ ಉಪಕಾರಿಯಾದ ಈ ಬೆಳಕೇ ಗಾಜಿನ ವಿಷಯದಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ. ನುಣುಪಾದ ಧೂಳಿನ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಬಹುಮಟ್ಟಿಗೆ ಮುಂದಕ್ಕೇ ಚದುರಿಸುತ್ತವೆ. ಆದುದರಿಂದ ಸೂರ್ಯನು ಎದುರಿಗಿರುವಾಗ ಆ ಬೆಳಕು ಚಾಲಕನ ಕಣ್ಣನ್ನು ತುಂಬುತ್ತದೆ. ಸೂರ್ಯನು ಬೆನ್ನಿಗಿರುವಾಗ ಅದೇ ಗಾಜು ಸ್ವಚ್ಛವಾಗಿಯೇ ತೋರುತ್ತದೆ. ಹೊರಡುವ ಮುನ್ನ ಗಾಜನ್ನು ನೆರಳಿನಲ್ಲಿ ಪರೀಕ್ಷಿಸುವುದು ವ್ಯರ್ಥ. ಗಾಡಿಯನ್ನು ಬಿಸಿಲಿಗೆ ಮುಖಮಾಡಿ ನಿಲ್ಲಿಸಿ ಒಳಗಿನಿಂದ ನೋಡಬೇಕು.

ಈ ಪ್ರದೇಶದಲ್ಲಿ ಗಾಜಿನ ಮೇಲೆ ಕೂಡುವ ಕೊಳೆ ಒಂದೇ ಬಗೆಯದಲ್ಲ. ಎರೆಭೂಮಿಯ ಮಣ್ಣು ಅತಿ ನುಣುಪಾದ ಜೇಡಿ. ನೀರನ್ನು ಹೀರಿ ಉಬ್ಬುವುದು ಅದರ ಸ್ವಭಾವ. ನಾಲ್ಕು ಹನಿ ನೀರು ಚಿಮುಕಿಸಿ ವೈಪರನ್ನು ಓಡಿಸಿದರೆ ಅದು ಹೋಗುವುದಿಲ್ಲ, ಲೇಪವಾಗಿ ಹರಡುತ್ತದೆ. ಸವದತ್ತಿಯ ಗುಡ್ಡ ಹಾಗೂ ನವಿಲುತೀರ್ಥದ ಸುತ್ತಲಿನದು ಮರಳುಗಲ್ಲಿನ ನೆಲ. ಅಲ್ಲಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಕಾಠಿಣ್ಯವನ್ನಳೆಯುವ ಮೋಸ್ ಮಾನದಲ್ಲಿ ಗಾಜಿನದು ಸುಮಾರು 5.5 ಆದರೆ ಬೆಣಚುಕಲ್ಲಿನದು 7. ಒಣಬಟ್ಟೆಯಿಂದ ಒರೆಸುವವನು ತನಗರಿಯದೆಯೇ ಗಾಜನ್ನು ಕೊರೆಯುತ್ತಿರುತ್ತಾನೆ. ಇನ್ನು ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಗಾಡಿಗಳ ಗಾಜಿನ ಮೇಲೆ ಭಂಡಾರವಿರುತ್ತದೆ. ಅರಿಸಿನದ ಬಣ್ಣ ನೀರಿನಲ್ಲಿ ಕರಗುವುದು ತೀರ ಅಲ್ಪ. ಎಣ್ಣೆಯ ಕೈ ತಾಗಿದ್ದರಂತೂ ನೀರು ಸುರಿದಷ್ಟೂ ಹಳದಿ ಮಬ್ಬು ಉಳಿದುಕೊಳ್ಳುತ್ತದೆ. ಅದನ್ನು ತೆಗೆಯುವುದು ಸ್ಪಿರಿಟ್ಟು. ಕೊಳವೆಬಾವಿಯ ಗಡಸು ನೀರಿನಿಂದ ತೊಳೆದು ಬಿಸಿಲಿಗೆ ಬಿಟ್ಟಾಗ ಮೂಡುವ ಬಿಳಿಯ ಚುಕ್ಕೆಗಳಾದರೋ ಸುಣ್ಣದ ಲವಣಗಳು. ಅವಕ್ಕೆ ವಿನಿಗರು ಅಥವಾ ನಿಂಬೆಯ ರಸವೇ ಮದ್ದು.

ಕೊಳೆಗೆ ತಕ್ಕ ದ್ರವವನ್ನು ಅರಿತರಷ್ಟೇ ಸಾಲದು, ಕ್ರಮವನ್ನೂ ಅರಿಯಬೇಕು. ಪಡಿಯಚ್ಚು ತೆಗೆಯುವವರು ಕಲ್ಲನ್ನು ಕುಂಚದಿಂದ ಝಾಡಿಸಿ, ತೊಳೆದು, ಒದ್ದೆಯ ಕಾಗದವನ್ನು ಹಚ್ಚಿ ಬಡಿದು, ಕಡೆಗೆ ಮಸಿಯನ್ನು ಒತ್ತುತ್ತಾರೆ. ಕ್ರಮ ತಪ್ಪಿದರೆ ಅಚ್ಚೂ ಕೆಡುತ್ತದೆ, ಕಲ್ಲೂ ಕೆಡುತ್ತದೆ. ಗಾಜಿಗೂ ಇದೇ ವಿಧಿ. ಮೊದಲು ತಿಕ್ಕದೆಯೇ ಧಾರಾಳವಾಗಿ ನೀರು ಸುರಿದು ಮರಳನ್ನು ಇಳಿಸಬೇಕು, ಅನಂತರ ಸಾಬೂನಿನ ಅಥವಾ ಅಂಟುವಾಳದ ನೀರಿನಲ್ಲಿ ಅದ್ದಿದ ಮೆತ್ತನೆಯ ಹತ್ತಿಯ ಬಟ್ಟೆ, ಜಿಡ್ಡು ಉಳಿದಲ್ಲಿ ಸ್ಪಿರಿಟ್ಟು, ಲವಣವಿದ್ದಲ್ಲಿ ಹುಳಿ, ಕೊನೆಗೆ ಮತ್ತೆ ನೀರು, ಸಿಕ್ಕಿದರೆ ಮಳೆಯ ನೀರು. ಡೀಸೆಲ್ಲಿನಲ್ಲಿ ಅದ್ದಿದ ಚಿಂದಿಯಿಂದ ಒರೆಸಿ ಗಾಜನ್ನು ಮಿರುಗಿಸುವವರೂ ಉಂಟು. ಅದು ಧೂಳಿಗೆ ಹಾಸಿಗೆ ಹಾಸಿದಂತೆ.

ಬಹುಜನರು ಮರೆಯುವುದು ಒಳಮೈಯನ್ನು. ಬಿಸಿಲಿನಲ್ಲಿ ನಿಂತ ಗಾಡಿಯೊಳಗಿನ ಪ್ಲಾಸ್ಟಿಕ್ಕಿನಿಂದ ಏಳುವ ಆವಿ, ಬೀಡಿಯ ಹೊಗೆ, ಉಸಿರು ಇವೆಲ್ಲ ಸೇರಿ ಅಲ್ಲೊಂದು ತೆಳುವಾದ ಜಿಡ್ಡಿನ ಪೊರೆ ಕಟ್ಟುತ್ತದೆ. ನೀರು ಬೆರೆಸಿದ ಸ್ಪಿರಿಟ್ಟಿನಿಂದ ಒಂದು ಬಟ್ಟೆಯಲ್ಲಿ ಒರೆಸಿ, ಇನ್ನೊಂದರಲ್ಲಿ ಒಣಗಿಸಬೇಕು. ಒಂದೇ ಬಟ್ಟೆಯಾದರೆ ಜಿಡ್ಡು ಸ್ಥಳಾಂತರ ಹೊಂದುತ್ತದೆ, ಅಷ್ಟೆ.

ಇಷ್ಟು ಶುದ್ಧವಾದ ಗಾಜಿಗೆ ಮಾತ್ರ ಲೇಪವನ್ನು ಹಚ್ಚಬಹುದು. ಗಾಜಿನ ಮೈ ಸ್ವಭಾವತಃ ನೀರನ್ನು ಪ್ರೀತಿಸುವಂಥದು. ಪೇಟೆಯಲ್ಲಿ ದೊರೆಯುವ ಸಿಲಿಕೋನ್ ಜಾತಿಯ ಲೇಪಗಳು ಆ ಮೈಗೆ ಅಂಟಿಕೊಂಡು ನೀರನ್ನು ದೂರ ತಳ್ಳುತ್ತವೆ; ಮಳೆಯ ನೀರು ಹರಡದೆ ದುಂಡು ಹನಿಗಳಾಗಿ ನಿಲ್ಲುತ್ತದೆ. ಆದರೆ ಹನಿಯನ್ನು ಓಡಿಸುವುದು ಲೇಪವಲ್ಲ, ಗಾಳಿ. ಕಿತ್ತೂರಿನ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ವೇಗವಾಗಿ ಸಾಗುವಾಗ ಹನಿಗಳು ತಾವೇ ಮೇಲಕ್ಕೆ ಹರಿದುಹೋಗುತ್ತವೆ. ರಾಮದುರ್ಗದ ಹಳ್ಳಿಯ ರಸ್ತೆಗಳಲ್ಲಿ ನಿಧಾನವಾಗಿ ಚಲಿಸುವಾಗ ಅವು ನಿಂತಲ್ಲೇ ನಿಂತು, ರಾತ್ರಿಯ ಎದುರು ದೀಪಕ್ಕೆ ಒಂದೊಂದೂ ಸಣ್ಣ ಮಸೂರವಾಗುತ್ತದೆ. ಮಳೆ ಕಡಿಮೆಯಾದ ಪೂರ್ವದ ತಾಲೂಕುಗಳಿಗೆ ಈ ಲೇಪ ಅನಾವಶ್ಯಕವೆಂದೇ ನಮ್ಮ ಅಭಿಪ್ರಾಯ. ಮಳೆಯಲ್ಲಿ ಗಾಜಿಗೆ ತಂಬಾಕು ತಿಕ್ಕುವ ಲಾರಿ ಚಾಲಕರ ಉಪಾಯ ಇದಕ್ಕೆ ನೇರ ವಿರುದ್ಧವಾದುದು: ಅಲ್ಲಿ ನೀರು ಹನಿಗಟ್ಟದೆ ತೆಳ್ಳಗೆ ಹರಡಿ ನೋಟಕ್ಕೆ ಎಡೆಗೊಡುತ್ತದೆ. ವೈಪರು ಕೆಟ್ಟು ನಿಂತ ರಾತ್ರಿ ಈ ಉಪಾಯವನ್ನು ಹಾಸ್ಯಮಾಡುವಂತಿಲ್ಲ.

ಆ ವೈಪರಿಗೂ ಒಂದು ಚರಿತ್ರೆಯಿದೆ. ಅಮೆರಿಕದ ಮೇರಿ ಆಂಡರ್‌ಸನ್ ಎಂಬ ಮಹಿಳೆ ಅದಕ್ಕೆ ಪೇಟೆಂಟು ಪಡೆದುದು 1903ರಲ್ಲಿ. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಎರಡು ಗಾಜುಗಳ ನಡುವೆ ಪೊರೆಯನ್ನಿಟ್ಟು ಒಡೆದರೂ ಚೂರು ಸಿಡಿಯದ ಗಾಜಿಗೆ 1909ರಲ್ಲಿ ಪೇಟೆಂಟು ಪಡೆದನು. ಇಂದಿನ ಮುಂದಿನ ಗಾಜು ಆ ವಂಶದ್ದೇ. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ ಗಾಜಿನ ಮೂಲಕ ಶೇಕಡಾ 70ಕ್ಕೆ ಕಡಿಮೆಯಿಲ್ಲದಷ್ಟು ಬೆಳಕು ಹಾಯಬೇಕೆಂದು ವಿಧಿಸಿವೆ. ಆದರೆ ಹಾಯುವ ಬೆಳಕಿನ ಪ್ರಮಾಣ ಒಂದು, ಚದುರುವ ಬೆಳಕಿನ ಉಪದ್ರವ ಇನ್ನೊಂದು. ಗೀರುಬಿದ್ದ ಗಾಜು ಮೊದಲ ಪರೀಕ್ಷೆಯಲ್ಲಿ ಗೆದ್ದೂ ಸಂಜೆಯ ಬಿಸಿಲಿನಲ್ಲಿ ಸೋಲಬಹುದು. ಉಗುರಿಗೆ ತಾಗುವಷ್ಟು ಆಳವಾದ ಗೀರನ್ನು ಉಜ್ಜಿ ತೆಗೆಯಹೋದರೆ ಗಾಜು ತಗ್ಗಾಗಿ ರಸ್ತೆಯೇ ಡೊಂಕಾಗಿ ತೋರುತ್ತದೆ. ಅಂತಹ ಗಾಜನ್ನು ಬದಲಿಸುವುದೊಂದೇ ದಾರಿ. ನಮ್ಮ ಟವೆಲಿನ ಗುರುತು ಬಿದ್ದ ಗಾಜನ್ನೂ ಹಾಗೆಯೇ ಬದಲಿಸಬೇಕಾಯಿತು. ಈಗ ಪಡಿಯಚ್ಚಿನ ಕಾಗದ, ಕುಂಚಗಳಿರುವ ಪೆಟ್ಟಿಗೆಯ ಪಕ್ಕದಲ್ಲಿ ಹತ್ತು ಲೀಟರು ನೀರಿನ ಡಬ್ಬಿಯನ್ನೂ ಒಗೆದು ಮಡಿಸಿದ ಎರಡು ಹಳೆಯ ಧೋತರದ ತುಂಡುಗಳನ್ನೂ ಇಟ್ಟುಕೊಂಡೇ ನಾವು ಹೊರಡುತ್ತೇವೆ.