ತೋಟದ ಮನೆಯಲ್ಲೊಂದು ಗಿಟಾರ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಗಣಪತಿ ಕೂರಿಸಿದ ಮೇಲೆ ಆರ್ಕೆಸ್ಟ್ರಾ ನಡೆದರೆ ‘ಗೀತಾ’ ಚಿತ್ರದ ಹಾಡಿಗೆ ಚೀಟಿ ಬರುವುದು ಖಂಡಿತ. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ಈ ಚಿತ್ರ ತೆರೆ ಕಂಡದ್ದು 1981ರಲ್ಲಿ. ಆಗ ಹುಟ್ಟಿಯೇ ಇರದ ಹುಡುಗರಿಗೂ ಅದರ ‘ಜೊತೆಯಲಿ’ ಹಾಡು ಬಾಯಿಪಾಠ. ಆದರೆ ಗಿಟಾರ್ ಕೊಂಡು ತಂದು ಅದನ್ನೇ ನುಡಿಸಲು ಕುಳಿತವರಿಗೆ ಮೊದಲ ದಿನವೇ ಒಂದು ಅಚ್ಚರಿ ಕಾದಿರುತ್ತದೆ. ಬಾಯಿಗೆ ಬರುವ ಹಾಡು ಕೈಗೆ ಬರುವುದಿಲ್ಲ! ಏಕೆ?

ಕೊಳಲು, ಹಾರ್ಮೋನಿಯಂಗಳಲ್ಲಿ ನಾವು ಧಾಟಿಯನ್ನು ಸ್ವರ ಸ್ವರವಾಗಿ ಹಿಂಬಾಲಿಸುತ್ತೇವೆ. ಹಾಡುತ್ತಲೇ ಗಿಟಾರ್ ನುಡಿಸುವವನ ಕೆಲಸ ಬೇರೆ. ಧಾಟಿ ಕೊರಳಿನದು, ಕೈ ಅದರ ಕೆಳಗೆ ನೆಲ ಹಾಸಬೇಕು. ಆ ನೆಲವೇ ‘ಕಾರ್ಡ್’, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಕಟ್ಟು. ಷಡ್ಜ, ಗಾಂಧಾರ, ಪಂಚಮಗಳನ್ನು ಒಂದೇ ಸಲಕ್ಕೆ ಮೀಟಿದರೆ ಒಂದು ಕಾರ್ಡ್ ಆಯಿತು. ನಮ್ಮ ಸಂಗೀತ ಕಚೇರಿಯಲ್ಲಿ ತಂಬೂರಿಯ ಶ್ರುತಿ ಕೊನೆಯವರೆಗೂ ಕದಲುವುದಿಲ್ಲ. ಇಲ್ಲಿ ಹಾಡು ಸಾಗಿದಂತೆ ನೆಲವೇ ಬದಲಾಗುತ್ತದೆ. ಷಡ್ಜದ ಕಾರ್ಡಿನ ಮೇಲೆ ನಗುವಂತೆ ಕೇಳಿಸಿದ ಗಾಂಧಾರ, ಧೈವತದ ಕಾರ್ಡಿನ ಮೇಲೆ ವಿಷಾದದಂತೆ ಕೇಳಿಸುತ್ತದೆ. ಗಾಯಕ ಸ್ವರ ಬದಲಿಸಿರುವುದಿಲ್ಲ!

‘ಗೀತಾ’ಕ್ಕೆ ಸಂಗೀತ ನೀಡಿದ ಇಳಯರಾಜ ಈ ಗುಟ್ಟನ್ನು ಬೆರಳಿನಿಂದಲೇ ಬಲ್ಲವರು. 1976ರಲ್ಲಿ ತಮಿಳಿನ ‘ಅನ್ನಕ್ಕಿಳಿ’ಯ ಮೂಲಕ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುನ್ನ ಅವರು ಗಿಟಾರ್ ವಾದಕರಾಗಿ, ಕನ್ನಡದ ಹೆಸರಾಂತ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದಿದ್ದರು.

ಗಿಟಾರಿನ ಆರು ತಂತಿಗಳನ್ನು ದಪ್ಪನೆಯದರಿಂದ ಸಣ್ಣದರವರೆಗೆ ಇ, ಎ, ಡಿ, ಜಿ, ಬಿ, ಇ ಸ್ವರಗಳಿಗೆ ಶ್ರುತಿ ಮಾಡುವುದು ವಾಡಿಕೆ. ವೀಣೆಯಂತೆ ಇದಕ್ಕೂ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲಿಗೆ ಅರ್ಧ ಸ್ವರ ಏರಿಕೆ. 12ನೆಯದರಲ್ಲಿ ಮೇಲಿನ ಸ್ಥಾಯಿ. ಹಾಡಿನ ಶ್ರುತಿ ಕೊರಳಿಗೆ ಒಗ್ಗದಿದ್ದರೆ ‘ಕೇಪೊ’ ಎಂಬ ಹಿಡಿಕೆಯನ್ನು ಬೇಕಾದ ಮೆಟ್ಟಿಲಿಗೆ ಬಿಗಿದು, ಕಲಿತ ಬೆರಳಿಟ್ಟೇ ನುಡಿಸಬಹುದು.

ಮೊದಲಿಗೇ ಇಡೀ ಹಾಡಿಗೆ ಕೈ ಹಾಕಬಾರದು. ಎರಡೇ ಕಾರ್ಡ್ ಹಿಡಿದು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಹೋಗಿ ಬರಬೇಕು. ಎಡಗೈ ತಡವಾದರೂ ಬಲಗೈ ಲಯ ಬಿಡಬಾರದು. ಅಪಸ್ವರವನ್ನು ಕೇಳುಗ ಮನ್ನಿಸಿಯಾನು, ತಪ್ಪಿದ ತಾಳವನ್ನಲ್ಲ. ಇನ್ನು ಉಕ್ಕಿನ ತಂತಿಯ ನೋವು. ಮಟ್ಟೆ ಸುಲಿದು ಜಡ್ಡುಗಟ್ಟಿದ ಅಂಗೈಗೂ ಇಲ್ಲಿ ವಿನಾಯಿತಿ ಇಲ್ಲ. ಜಡ್ಡು ಬೇಕಾದದ್ದು ಎಡಗೈ ಬೆರಳುಗಳ ತುದಿಗೆ. ದಿನಕ್ಕೆ 15–20 ನಿಮಿಷ ಬಿಡದೆ ಕುಳಿತರೆ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ಮನೆಯ ಕೊಬ್ಬರಿ ಎಣ್ಣೆಯನ್ನು ತಂತಿಗೆ ಸವರುವುದು ಬೇಡ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

‘ನಮ್ಮದಲ್ಲದ ವಾದ್ಯ ನಮಗೇಕೆ?’ ಎನ್ನುವ ಹಿರಿಯರೂ ಇದ್ದಾರೆ. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಅವರು ಮರೆಯುವಂತಿಲ್ಲ. ಕಂಪನಿ ನಾಟಕಗಳ ಬೆನ್ನೆಲುಬಾಗಿದ್ದ ಹಾರ್ಮೋನಿಯಂ ಕೂಡ ಯುರೋಪಿನಿಂದಲೇ ಬಂದದ್ದು. 1940ರಲ್ಲಿ ಅದನ್ನು ಹೊರಗಿಟ್ಟ ಆಕಾಶವಾಣಿ ನಿಷೇಧವನ್ನು ಸಡಿಲಿಸಿದ್ದು 1971ರಲ್ಲಿ. ಹಳ್ಳಿಯ ಭಜನೆ ಮನೆಗಳು ಅಷ್ಟು ಕಾಲ ಕಾಯಲಿಲ್ಲ; ಅದರ ಮೇಲೆ ತಮ್ಮ ಹಾಡು ನುಡಿಸಿ ತಮ್ಮದಾಗಿಸಿಕೊಂಡವು.

ಕಾಯುವುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು-ಹನ್ನೊಂದು ತಿಂಗಳು ಬೇಕು. ಅವಸರಪಟ್ಟು ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಹಾಡು ಕೈಗೆ ಹತ್ತುವುದೂ ಹಾಗೆಯೇ. ಆದರೆ ಎಷ್ಟೋ ಗಿಟಾರುಗಳು ಮೊದಲ ತಿಂಗಳಲ್ಲೇ ಅಟ್ಟ ಸೇರುತ್ತವೆ; ಈ ಲೇಖಕನದೂ ಒಮ್ಮೆ ಸೇರಿತ್ತು. ಅಟ್ಟದ ಮೇಲಿದ್ದು ಹದಕ್ಕೆ ಬರುವುದು ಕಾಯಿ ಮಾತ್ರ. ಗಿಟಾರ್ ದಿನವೂ ಕೈಯಲ್ಲಿರಬೇಕು.