ನಾಯಿಯ ಕರುಳಿನ ಕ್ಯಾನ್ಸರ್: ಪತ್ತೆ ಮತ್ತು ಶಸ್ತ್ರಚಿಕಿತ್ಸೆ



ನಿಮ್ಮ ಮನೆಯಲ್ಲಿ ಒಂಬತ್ತು-ಹತ್ತು ವರ್ಷದ ನಾಯಿಯೊಂದಿದೆ ಎಂದುಕೊಳ್ಳಿ. ಕೆಲವು ವಾರಗಳಿಂದ ಅದು ಆಗಾಗ ವಾಂತಿ ಮಾಡುತ್ತಿದೆ, ಅನ್ನವನ್ನು ಮೂಸಿ ಬಿಡುತ್ತಿದೆ, ಪಕ್ಕೆಲುಬು ಎಣಿಸುವಷ್ಟು ಸೊರಗಿದೆ. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಕಾರಣ ಕರುಳಿನ ಕ್ಯಾನ್ಸರ್ ಕೂಡ ಆಗಿರಬಹುದು.

ಈ ರೋಗ ನಾಯಿಗಳಲ್ಲಿ ಅಪರೂಪ. ಜಂತುಹುಳು, ಸೋಂಕು, ನುಂಗಿದ ಮೂಳೆ ಇವೂ ಇಂಥವೇ ಲಕ್ಷಣಗಳನ್ನು ತೋರಬಲ್ಲವು. ಆದ್ದರಿಂದ ಪಶುವೈದ್ಯರು ಹಂತಹಂತವಾಗಿ ಪರೀಕ್ಷಿಸುತ್ತಾರೆ. ಮೊದಲು ಹೊಟ್ಟೆಯನ್ನು ಕೈಯಿಂದ ಒತ್ತಿ ಗಡ್ಡೆಯಿದೆಯೇ ಎಂದು ನೋಡುತ್ತಾರೆ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಒಳಗೆ ರಕ್ತ ಸೋರುತ್ತಿರುವ ಅನುಮಾನ ಬರುತ್ತದೆ. ಕರುಳು ಕಟ್ಟಿಕೊಂಡಿದ್ದರೆ ಎಕ್ಸ್-ರೇ ಅದರ ಸುಳಿವು ಕೊಡುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಆರೋಗ್ಯವಂತ ಕರುಳಿನ ಗೋಡೆ ಪದರಪದರವಾಗಿ ಕಾಣುತ್ತದೆ. ಕ್ಯಾನ್ಸರ್ ಬೆಳೆದಲ್ಲಿ ಸಾಮಾನ್ಯವಾಗಿ ಗೋಡೆ ದಪ್ಪವಾಗಿ, ಪದರಗಳು ಅಳಿಸಿಹೋಗಿರುತ್ತವೆ.

ಇಷ್ಟಾದರೂ ತೀರ್ಮಾನ ಸೂಕ್ಷ್ಮದರ್ಶಕದ್ದೇ. ಸೂಜಿಯಿಂದ ಜೀವಕೋಶಗಳನ್ನೋ ಗಡ್ಡೆಯ ತುಣುಕನ್ನೋ ತೆಗೆದು ಪರೀಕ್ಷಿಸುತ್ತಾರೆ. ಲಿಂಫೋಮ ಎಂಬ ಬಗೆಯಾದರೆ ಮುಖ್ಯ ಚಿಕಿತ್ಸೆ ಔಷಧಿ. ಅಡಿನೊಕಾರ್ಸಿನೋಮ ಆಗಿದ್ದು, ದೂರಕ್ಕೆ ಹರಡಿರದಿದ್ದರೆ ಶಸ್ತ್ರಚಿಕಿತ್ಸೆ. ಶ್ವಾಸಕೋಶಕ್ಕೆ ಹರಡಿದೆಯೇ ಎಂದು ತಿಳಿಯಲು ಎದೆಯ ಎಕ್ಸ್-ರೇ ಕೂಡ ತೆಗೆಯುತ್ತಾರೆ.

ಅರಿವಳಿಕೆ ಕೊಟ್ಟು ಹೊಟ್ಟೆಯನ್ನು ನಡುವೆ ಉದ್ದಕ್ಕೆ ಕೊಯ್ಯುತ್ತಾರೆ. ಗಡ್ಡೆಯ ಎರಡೂ ಬದಿಗೆ, ಸಾಧ್ಯವಾದರೆ, ಸುಮಾರು 5 ಸೆಂ.ಮೀ. ಆರೋಗ್ಯವಂತ ಕರುಳನ್ನೂ ಸೇರಿಸಿ ಕತ್ತರಿಸುತ್ತಾರೆ. ಕಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು ಅಂಚಿನಾಚೆಗೂ ಇರಬಹುದಲ್ಲವೇ? ಹತ್ತಿರದ ದುಗ್ಧಗ್ರಂಥಿಯ ತುಣುಕನ್ನೂ ಪರೀಕ್ಷೆಗೆ ಕಳುಹಿಸುತ್ತಾರೆ. ನಂತರ ಕರುಳಿನ ಎರಡು ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ. ಒಳಗಿನ ಲೋಳೆಪೊರೆಗೆ ಅಂಟಿಕೊಂಡಿರುವ ತೆಳುವಾದ, ಗಟ್ಟಿ ಪದರವೇ ಈ ಹೊಲಿಗೆಗೆ ಆಧಾರ. ಇದನ್ನು 1887ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್. ಅವರು ಪ್ರಯೋಗ ನಡೆಸಿದ್ದು ನಾಯಿಗಳ ಮೇಲೆ. ಮನುಷ್ಯರ ಕರುಳಿನ ಶಸ್ತ್ರಚಿಕಿತ್ಸೆಗೂ ದಾರಿ ತೋರಿದ ಆ ಪಾಠದಲ್ಲಿ ನಾಯಿಗಳ ಋಣ ನಮ್ಮ ಮೇಲಿದೆ.

ಹೊಲಿದ ಕರುಳಿನೊಳಗೆ ಲವಣದ್ರಾವಣ ತುಂಬಿ, ಸೋರುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹೊಟ್ಟೆಯನ್ನು ಮುಚ್ಚುತ್ತಾರೆ. ಆದರೂ 3ರಿಂದ 5ನೆಯ ದಿನದವರೆಗೆ ಹೊಲಿಗೆ ಬಿಡುವ ಭಯ ಹೆಚ್ಚು. ಆಗ ಜ್ವರ, ವಾಂತಿ, ಮಂಕು ಕಂಡರೆ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕ್ಯಾನ್ಸರ್ ಹರಡುವ ಮುನ್ನ ತೆಗೆದರೆ ವರ್ಷಕ್ಕೂ ಮಿಕ್ಕಿ ಬದುಕಿದ ನಾಯಿಗಳಿವೆ. ಹರಡಿದ ಮೇಲೆ ಹೆಚ್ಚಾಗಿ ಕೆಲವು ತಿಂಗಳುಗಳ ಮಾತು. ತನ್ನ ನೋವನ್ನು ನಾಯಿ ಬಾಯಿಬಿಟ್ಟು ಹೇಳಲಾರದು. ಅದರ ತಟ್ಟೆಯಲ್ಲಿ ಉಳಿದ ಅನ್ನವನ್ನು, ತಿಂಗಳಿಂದ ತಿಂಗಳಿಗೆ ಇಳಿಯುವ ತೂಕವನ್ನು ಗಮನಿಸಬೇಕಾದವರು ನೀವೇ.