ಬಸ್ಸಿಳಿದ ಮೇಲೆ ಒಂದೇ ಕಾಲು ಊದಿದರೆ ಎಣ್ಣೆ ತಿಕ್ಕಬೇಡಿ



ಕಳೆದ ವಾರ ಬಿ.ಪಿ. ಮಾತ್ರೆಗಳ ಬಗ್ಗೆ ಬರೆದಿದ್ದೆ. ಈ ವಾರ ಎದೆಯಿಂದ ಕೆಳಗಿಳಿದು, ಮೊಣಕಾಲಿನಿಂದ ಪಾದದವರೆಗಿನ ಸ್ನಾಯುಗಳ ಬಗ್ಗೆ ಬರೆಯುತ್ತಿದ್ದೇನೆ. "ಹೃದಯದ ಡಾಕ್ಟರಿಗೆ ಕಾಲಿನ ಉಸಾಬರಿ ಯಾಕೆ?" ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಿದರೆ ಅರ್ಥವಾದೀತು.

ಎರಡು ವರ್ಷದ ಹಿಂದೆ ನಮ್ಮ ದೊಡ್ಡಮ್ಮ ಧಾರವಾಡದಿಂದ ಪುಣೆಗೆ ನಮ್ಮ ಮನೆಗೆ ಬಂದರು. ಒಂದು ತಿಂಗಳ ಹಿಂದಷ್ಟೇ ಅವರಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ನಮ್ಮಲ್ಲಿ ನಾಲ್ಕು ದಿನ ಆರಾಮಾಗಿರಲಿ ಎಂದು ನಾವೇ ಕರೆಸಿದ್ದೆವು. ಸ್ಲೀಪರ್ ಟಿಕೆಟ್ ಸಿಗಲಿಲ್ಲ. ರಾತ್ರಿಯಿಡೀ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಬಂದರು. ಬಸ್ ನಿಲ್ಲಿಸಿ ಎಂದು ಕೇಳಲು ಸಂಕೋಚ, ಹಾಗಾಗಿ ನೀರನ್ನೂ ಕುಡಿದಿರಲಿಲ್ಲ. ಊರಿಂದ ಬರುವ ನಮ್ಮ ಹೆಣ್ಣುಮಕ್ಕಳು ಬಹುತೇಕ ಹೀಗೇ ಬರುತ್ತಾರೆ, ಅಲ್ಲವೇ?

ಮೂರನೇ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದಾಗ ಮನೆಯವರ ಫೋನ್ ಬಂತು. "ದೊಡ್ಡಮ್ಮಂದು ಎಡಗಾಲು ಭಾಳ ನೋಯ್ಲಿಕ್ಕತ್ತದಂತ್ರಿ." ನಾನು ಹೇಳಿದ್ದು ಇಷ್ಟೇ: "ರಾತ್ರಿಯಿಡೀ ಬಸ್ಸಿನಾಗ ಕೂತು ಬಂದಾರಲ್ಲ, ಹಿಡ್ಕೊಂಡಿರ್ತದ. ಮಲಗ್ಲಿ, ಸಂಜಿಗೆ ಬಂದು ನೋಡ್ತೀನಿ."

ಇಪ್ಪತ್ತು ವರ್ಷ ವೈದ್ಯಕೀಯ ಓದಿ, ಮಾಡಿ, ನಾನು ಕೊಟ್ಟ ಉತ್ತರ ಅದು. ಅದು ಯಾಕೆ ತಪ್ಪು ಎಂಬುದೇ ಈ ವಾರದ ಲೇಖನ.

*ಮೊದಲು ನಿಮ್ಮ ಕಾಲನ್ನು ಮುಟ್ಟಿ ನೋಡಿ*

ಚಪ್ಪಲಿ ತೆಗೆದು, ಗೋಡೆ ಹಿಡಿದು ನಿಂತು, ತುದಿಗಾಲಿನ ಮೇಲೆ ಏಳಿ. ಕಾಲಿನ ಹಿಂಭಾಗದಲ್ಲಿ ಎರಡು ಉಬ್ಬು ಗಟ್ಟಿಯಾಗಿ ಮೇಲೇಳುತ್ತವೆ. ಇದೇ ಮೀನಖಂಡದ ಹೊರಗಿನ ಸ್ನಾಯು, ಗ್ಯಾಸ್ಟ್ರಾಕ್ನೀಮಿಯಸ್. ಇದು ತೊಡೆಮೂಳೆಯ ತುದಿಯಿಂದ, ಅಂದರೆ ಮೊಣಕಾಲಿಗಿಂತ ಮೇಲಿನಿಂದ ಹೊರಡುತ್ತದೆ. ಓಡುವಾಗ, ಜಿಗಿಯುವಾಗ, ಮೆಟ್ಟಿಲು ಹತ್ತುವಾಗ ಜೋರು ಕೊಡುವುದು ಇದೇ.

ಈಗ ಕುರ್ಚಿಯಲ್ಲಿ ಕೂತು, ಮೊಣಕಾಲು ಮಡಚಿಕೊಂಡೇ ಹಿಮ್ಮಡಿ ಎತ್ತಿ. ಮೊಣಕಾಲು ಮಡಚಿದಾಗ ಹೊರಗಿನ ಸ್ನಾಯು ಸಡಿಲವಾಗುತ್ತದೆ. ಈಗ ಹೆಚ್ಚಿನ ಕೆಲಸ ಮಾಡುವುದು ಅದರ ಒಳಗೆ ಚಪ್ಪಟೆಯಾಗಿ ಮಲಗಿರುವ ಇನ್ನೊಂದು ಸ್ನಾಯು, ಸೋಲಿಯಸ್. ಲ್ಯಾಟಿನ್ ಭಾಷೆಯಲ್ಲಿ ಸೋಲಿಯಾ ಎಂದರೆ ಚಪ್ಪಲಿ. ಅದೇ ಆಕಾರದ ಒಂದು ಚಪ್ಪಟೆ ಮೀನಿಗೂ ಅದೇ ಹೆಸರಿದೆ. ನಮ್ಮ ಹಿರಿಯರೂ ಇದೇ ಜಾಗಕ್ಕೆ ಮೀನಖಂಡ ಎಂದು ಹೆಸರಿಟ್ಟರು ನೋಡಿ!

ನಾವು ಸುಮ್ಮನೆ ನಿಂತಾಗ ದೇಹದ ಭಾರ ಪಾದದ ಕೀಲಿಗಿಂತ ಸ್ವಲ್ಪ ಮುಂದೆ ಬೀಳುತ್ತದೆ. ನಾವು ಮುಗ್ಗರಿಸದಂತೆ ಹಿಂದಿನಿಂದ ಹಿಡಿದಿಡುವುದು ಸೋಲಿಯಸ್. ಗಂಟೆಗಟ್ಟಲೆ ದುಡಿದರೂ ಬೇಗ ದಣಿಯದ ಸ್ನಾಯು ಇದು.

ಈ ಎರಡೂ ಸ್ನಾಯುಗಳು ಕೆಳಗೆ ಸೇರಿ ಒಂದೇ ಹುರಿಯಾಗಿ ಹಿಮ್ಮಡಿ ಮೂಳೆಗೆ ಅಂಟುತ್ತವೆ. ಹಿಮ್ಮಡಿಯ ಮೇಲೆ ಬೆರಳಿಟ್ಟರೆ ಹಗ್ಗದಂತೆ ಸಿಗುವುದು ಅದೇ. ನಮ್ಮ ದೇಹದ ಅತ್ಯಂತ ದಪ್ಪ, ಅತ್ಯಂತ ಬಲವಾದ ಸ್ನಾಯುಹುರಿ ಅದು. ಹೆಸರು ಅಕಿಲಿಸ್.

ಉಳಿದವನ್ನೂ ಒಮ್ಮೆ ಪರಿಚಯ ಮಾಡಿಕೊಳ್ಳಿ. ಹಿಮ್ಮಡಿ ನೆಲದಲ್ಲಿಟ್ಟು ಮುಂಪಾದ ಎತ್ತಿದರೆ ಮುಂಭಾಗದ ಮೂಳೆಯ ಪಕ್ಕದಲ್ಲಿ ಗಟ್ಟಿಯಾಗುವುದು ಟಿಬಿಯಾಲಿಸ್ ಆಂಟೀರಿಯರ್. ನಡೆಯುವಾಗ ಕಾಲ್ಬೆರಳು ಎಡವದಂತೆ ಕಾಯುವುದು ಅದು. ಹೊರಬದಿಯಲ್ಲಿ ಪೆರೋನಿಯಸ್ ಸ್ನಾಯುಗಳಿವೆ. ಏರುತಗ್ಗಿನ ನೆಲದಲ್ಲಿ ಪಾದ ಒಳಕ್ಕೆ ಹೊರಳದಂತೆ ಇವು ಹಿಡಿಯುತ್ತವೆ. ಮೀನಖಂಡದ ಇನ್ನೂ ಆಳದಲ್ಲಿ ಬೆರಳುಗಳನ್ನು ಮಡಿಸುವ, ಪಾದದ ಕಮಾನನ್ನು ಎತ್ತಿಹಿಡಿಯುವ ಸ್ನಾಯುಗಳಿವೆ. ಇನ್ನು ಅಂಗಾಲು. ಅಲ್ಲಿ ಸಣ್ಣ ಸಣ್ಣ ಸ್ನಾಯುಗಳು ನಾಲ್ಕು ಪದರಗಳಲ್ಲಿ, ಪಾದದ 26 ಮೂಳೆಗಳ ಕೆಳಗೆ ಹರಡಿಕೊಂಡಿವೆ.

ಮೊಣಕಾಲ ಕೆಳಗಿನ ಈ ಎಲ್ಲ ಸ್ನಾಯುಗಳ ಸುತ್ತಲೂ ಹಿಗ್ಗದ ಒಂದು ಬಿಗಿ ಪೊರೆ ಇದೆ, ಬಿಗಿಯಾದ ಕಾಲುಚೀಲ ಹಾಕಿದ ಹಾಗೆ. ಈ ಬಿಗಿ ಪೊರೆಯಿಂದಲೇ ಕಾಲು ಒಂದು ಪಂಪ್ ಆಗುತ್ತದೆ.

*ಕಾಲಿನಲ್ಲೊಂದು ಪಂಪ್*

ಹೃದಯ ಕಾಲಿನ ತುದಿಗೆ ರಕ್ತವನ್ನು ಒತ್ತಿ ಕಳಿಸುತ್ತದೆ, ಸರಿ. ಆದರೆ ಅದೇ ರಕ್ತ ಪಾದದಿಂದ ಎದೆಗೆ, ಮೂರು ನಾಲ್ಕು ಅಡಿ ಮೇಲಕ್ಕೆ ಮರಳಿ ಹತ್ತಬೇಕಲ್ಲ? ಅಷ್ಟು ಹೊತ್ತಿಗೆ ಹೃದಯದ ಒತ್ತಡ ಬಹುತೇಕ ಖರ್ಚಾಗಿರುತ್ತದೆ.

ಆಗ ನೆರವಿಗೆ ಬರುವುದು ಮೀನಖಂಡ. ಮರಳಿ ಹೋಗುವ ರಕ್ತದ ದೊಡ್ಡ ನಾಳಗಳು, ಅಂದರೆ ಅಭಿಧಮನಿಗಳು, ಈ ಸ್ನಾಯುಗಳ ನಡುವೆಯೇ ಇವೆ. ಸೋಲಿಯಸ್ ಒಳಗಂತೂ ರಕ್ತ ತುಂಬಿಕೊಳ್ಳುವ ಅಗಲವಾದ ಚೀಲದಂಥ ನಾಳಗಳಿವೆ. ಸ್ನಾಯು ಬಿಗಿಯಾದಾಗ ಹೊರಗಿನ ಪೊರೆ ಹಿಗ್ಗುವುದಿಲ್ಲ. ನಾಳಗಳು ಹಿಂಡಿದಂತಾಗಿ ರಕ್ತ ಮೇಲೆ ಚಿಮ್ಮುತ್ತದೆ. ಸ್ನಾಯು ಸಡಿಲವಾದಾಗ ಕೆಳಗಿನ ರಕ್ತ ಬಂದು ತುಂಬುತ್ತದೆ. ಪ್ರತಿ ಹೆಜ್ಜೆಗೂ ಅಂಗಾಲಿನ ನಾಳಗಳೂ ಹೀಗೇ ಹಿಂಡಲ್ಪಡುತ್ತವೆ.

ಮೇಲೆ ಹೋದ ರಕ್ತ ಮತ್ತೆ ಕೆಳಗೆ ಇಳಿಯದಂತೆ ನಾಳದೊಳಗೆ ಪುಟ್ಟ ಕವಾಟಗಳಿವೆ. ಇಟಲಿಯ ಪಾದುವಾದ ಅಂಗರಚನಾ ಪಂಡಿತ ಫ್ಯಾಬ್ರಿಸಿಯಸ್ 1603ರಲ್ಲಿ ಇವುಗಳ ಬಗ್ಗೆ ಚಿತ್ರಸಹಿತ ಪುಸ್ತಕ ಪ್ರಕಟಿಸಿದರು. ಅವರ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ದೇಹವಿಡೀ ಸುತ್ತಿ ಹೃದಯಕ್ಕೇ ಮರಳುತ್ತದೆ ಎಂದು ತೋರಿಸಿದಾಗ, ಈ ಕವಾಟಗಳೇ ಅವರ ವಾದಕ್ಕೆ ಆಧಾರವಾದವು. ನಮ್ಮ ಹೃದಯವಿಜ್ಞಾನಕ್ಕೆ ಅಡಿಪಾಯ ಹಾಕಿಕೊಟ್ಟದ್ದರಲ್ಲಿ ಕೈಕಾಲುಗಳ ನಾಳಗಳ ಪಾಲೂ ಇದೆ!

ಬಿ.ಪಿ. ಹೇಳುವ ಲೆಕ್ಕದಲ್ಲೇ ಹೇಳುವುದಾದರೆ, ಅಲುಗಾಡದೆ ನಿಂತಾಗ ಪಾದದ ಅಭಿಧಮನಿಗಳಲ್ಲಿ ಒತ್ತಡ ಸುಮಾರು 90 ಇರುತ್ತದೆ. ನಡೆಯಲು ಶುರು ಮಾಡಿದರೆ, ಕವಾಟಗಳು ಸರಿಯಿದ್ದಲ್ಲಿ, ಅದು 30ರ ಆಸುಪಾಸಿಗೆ ಇಳಿಯುತ್ತದೆ. ಪರೇಡಿನಲ್ಲಿ ಬಹಳ ಹೊತ್ತು ಅಟೆನ್ಶನ್‌ನಲ್ಲಿ ನಿಂತ ಹುಡುಗರು ದೊಪ್ಪನೆ ಬೀಳುವುದಕ್ಕೂ ಇದೇ ಕಾರಣ. ರಕ್ತ ಕಾಲಿನಲ್ಲೇ ನಿಂತು ಮಿದುಳಿಗೆ ಕಡಿಮೆಯಾಗುತ್ತದೆ.

*ಪಂಪ್ ನಿಂತರೆ?*

ಹರಿಯುವ ನೀರು ತಿಳಿ, ನಿಂತ ನೀರು ಪಾಚಿ. ರಕ್ತವೂ ಹಾಗೆಯೇ. ನಿಂತಲ್ಲೇ ನಿಂತರೆ ಹೆಪ್ಪುಗಟ್ಟಬಹುದು. ಆ ಹೆಪ್ಪು ಮೊದಲು ಹುಟ್ಟುವುದು ಹೆಚ್ಚಾಗಿ ಮೀನಖಂಡದ ಆಳದ ನಾಳಗಳಲ್ಲೇ. ಇದನ್ನು ಡಾಕ್ಟರು ಡಿ.ವಿ.ಟಿ. ಎನ್ನುತ್ತಾರೆ. ಹೆಪ್ಪು ಬೆಳೆದು, ಅದರ ತುಂಡು ಕಳಚಿ ಮೇಲೆ ಹೋದರೆ, ಹೃದಯದ ಬಲಭಾಗ ದಾಟಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅದು ಪ್ರಾಣಕ್ಕೇ ಬರುವ ಮಾತು.

1940ರಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ಆಶ್ರಯತಾಣಗಳಲ್ಲಿ ಮಡಚುವ ಬಟ್ಟೆಕುರ್ಚಿಗಳಲ್ಲಿ ಕೂತೇ ರಾತ್ರಿ ಕಳೆಯುತ್ತಿದ್ದರು. ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸಾಯುವವರು ಹೆಚ್ಚಾಗಿದ್ದಾರೆ ಎಂದು ಕೀತ್ ಸಿಂಪ್ಸನ್ ಎಂಬ ಶವಪರೀಕ್ಷಾ ತಜ್ಞರು ಆ ವರ್ಷವೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಕುರ್ಚಿಯ ಕಟ್ಟಿಗೆಯ ಅಂಚು ಕಾಲಿನ ಹಿಂಭಾಗವನ್ನು ಒತ್ತುತ್ತಿತ್ತು. ನಮ್ಮ ರಾತ್ರಿ ಬಸ್ಸಿನ ಸೀಟು ನೆನಪಾಯಿತೇ?

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಹೀಗೆ: ವಿಮಾನ, ರೈಲು, ಬಸ್ಸು, ಕಾರು ಯಾವುದೇ ಇರಲಿ, 4 ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣಿಸಿದರೆ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ಗಾಬರಿಯಾಗಬೇಡಿ. ಎರಡು ಪಟ್ಟಾದರೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ. ಆದರೆ ಕೆಲವರಿಗೆ ಅಪಾಯ ಹೆಚ್ಚು: ಇತ್ತೀಚೆಗೆ ಆಪರೇಷನ್ ಆದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಗರ್ಭಿಣಿಯರು, ಬಾಣಂತಿಯರು, ಕೆಲವು ಬಗೆಯ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಕ್ಯಾನ್ಸರ್ ಇರುವವರು, ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದವರು, ತೀರ ದಪ್ಪ ಇರುವವರು, ವಯಸ್ಸಾದವರು.

*ಸಂಜೆ ಮನೆಗೆ ಹೋದಾಗ*

ಎಣ್ಣೆ ಬೆಚ್ಚಗೆ ಮಾಡಿ ಬಟ್ಟಲಿನಲ್ಲಿಟ್ಟಿದ್ದರು, ಇನ್ನೇನು ತಿಕ್ಕಬೇಕು. "ಏನಿಲ್ಲೋ ತಮ್ಮಾ, ಒಂದೀಟು ಎಣ್ಣಿ ಹಚ್ಚಿ ತಿಕ್ಕಿದ್ರ ಹೋಗ್ತದ" ಎಂದರು ದೊಡ್ಡಮ್ಮ. ಸೀರೆ ಸ್ವಲ್ಪ ಮೇಲೆ ಸರಿಸಿದಾಗ ನನ್ನ ಎದೆ ಧಸಕ್ಕೆಂದಿತು. ಎಡ ಮೀನಖಂಡ ಬಿಗಿದು ಹೊಳೆಯುತ್ತಿತ್ತು, ಮುಟ್ಟಿದರೆ ಬಿಸಿ. ಹೊಲಿಗೆಯ ಟೇಪಿನಲ್ಲಿ ಅಳೆದೆ. ಬಲಗಾಲಿಗಿಂತ 4 ಸೆಂ.ಮೀ. ಹೆಚ್ಚು.

ಆ ರಾತ್ರಿಯೇ ಡಾಪ್ಲರ್ ಸ್ಕ್ಯಾನ್ ಮಾಡಿಸಿದೆವು. ಹೆಪ್ಪು ಮೀನಖಂಡದಿಂದ ಮೊಣಕಾಲಿನ ಹಿಂದಿನವರೆಗೆ ಹಬ್ಬಿತ್ತು. ರಕ್ತ ತೆಳುವಾಗಿಸುವ ಔಷಧ ಆಗಲೇ ಶುರುವಾಯಿತು, ಕೆಲವು ತಿಂಗಳು ನಡೆಯಿತು. ದೊಡ್ಡಮ್ಮ ಉಳಿದರು. ಬೆಳಿಗ್ಗೆ ನಾನು "ಆಪರೇಷನ್ ಆಗಿ ಎಷ್ಟು ದಿನವಾಯಿತು? ಒಂದೇ ಕಾಲೋ, ಎರಡೂ ಕಾಲೋ? ಊದಿದೆಯೇ?" ಎಂಬ ಮೂರು ಪ್ರಶ್ನೆ ಕೇಳಿದ್ದರೆ ಹತ್ತು ಗಂಟೆ ಉಳಿಯುತ್ತಿತ್ತು. ಆ ಹತ್ತು ಗಂಟೆ ಇವತ್ತಿಗೂ ನನ್ನನ್ನು ಕಾಡುತ್ತದೆ.

*ಯಾವ ಕಾಲುನೋವು ಏನು ಹೇಳುತ್ತದೆ?*

1. ರಾತ್ರಿ ನಿದ್ದೆಯಲ್ಲಿ ಮೀನಖಂಡ ಕಲ್ಲಿನಂತೆ ಹಿಡಿದು, ಕೆಲವು ನಿಮಿಷಗಳಲ್ಲಿ ಬಿಡುತ್ತದೆ: ಇದು ಸಾಮಾನ್ಯ ಹಿಡಿತ. ಕಾಲು ನೀಳ ಚಾಚಿ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ.

2. ಓಡುವಾಗ, ಆಡುವಾಗ ಹಿಂದಿನಿಂದ ಯಾರೋ ಕಲ್ಲು ಹೊಡೆದಂತಾಗಿ, ಆಮೇಲೆ ಆ ಕಾಲಿನ ತುದಿಯ ಮೇಲೆ ನಿಲ್ಲಲಾಗುತ್ತಿಲ್ಲ: ಅಕಿಲಿಸ್ ಹುರಿ ಹರಿದಿರಬಹುದು. ಮೂಳೆ ಡಾಕ್ಟರನ್ನು ಅಂದೇ ನೋಡಿ.

3. ಇಷ್ಟು ದೂರ ನಡೆದರೆ ನೋವು, ನಿಂತರೆ ಮಾಯ, ಮತ್ತೆ ಅಷ್ಟೇ ದೂರಕ್ಕೆ ನೋವು: ಕಾಲಿಗೆ ರಕ್ತ ಒಯ್ಯುವ ಅಪಧಮನಿ ಕಿರಿದಾಗಿರಬಹುದು. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು ಇದನ್ನು ವಯಸ್ಸಿನ ಮೇಲೆ ಹಾಕಬೇಡಿ. ಕಾಲಿನ ನಾಳ ಕಟ್ಟಿದವರಿಗೆ ಹೃದಯದ ನಾಳವೂ ಕಟ್ಟಿರುವ ಸಂಭವ ಹೆಚ್ಚು.

4. ಎರಡೂ ಪಾದ ಸಂಜೆಗೆ ಊದುತ್ತವೆ, ಒತ್ತಿದರೆ ಗುಳಿ ಬೀಳುತ್ತದೆ: ಹೃದಯ, ಕಿಡ್ನಿ, ಲಿವರ್ ಪರೀಕ್ಷೆ ಬೇಕು. ಆಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯಿಂದಲೂ ಹೀಗಾಗಬಹುದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

5. *ಒಂದೇ* ಮೀನಖಂಡ ಊದಿ, ನೋವು, ಬಿಸಿ, ಕೆಂಪು: ಹೆಪ್ಪಿನ ಅನುಮಾನ. ತಿಕ್ಕಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಏಕಾಏಕಿ ಉಬ್ಬಸ, ಎದೆನೋವು, ಕೆಮ್ಮಿದರೆ ರಕ್ತ, ತಲೆಸುತ್ತಿ ಬೀಳುವುದು ಇದ್ದರೆ ಒಂದು ನಿಮಿಷವೂ ಕಾಯದೆ 108 ಅಥವಾ 112ಕ್ಕೆ ಕರೆ ಮಾಡಿ.

ಮನೆಯಲ್ಲೇ ಅಳೆಯುವುದು ಹೇಗೆ? ಮೊಣಕಾಲ ಚಿಪ್ಪಿನ ಕೆಳಗೆ ಮುಂಭಾಗದಲ್ಲಿ ಒಂದು ಮೂಳೆಯ ಉಬ್ಬು ಸಿಗುತ್ತದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ತೆಗೆಯಿರಿ. ವ್ಯತ್ಯಾಸ 3 ಸೆಂ.ಮೀ.ಗಿಂತ ಹೆಚ್ಚಿದ್ದರೆ ಸುಮ್ಮನಿರಬೇಡಿ. ಕಡಿಮೆ ಇದ್ದರೂ ನೋವು, ಬಿಸಿ ಇದ್ದರೆ ತೋರಿಸಲೇಬೇಕು.

*ಪಂಪನ್ನು ನಡೆಸುತ್ತಿರಿ*

• ಪ್ರಯಾಣದಲ್ಲಿ ಗಂಟೆಗೊಮ್ಮೆ, ಕೂತಲ್ಲೇ, 20 ಸಲ ಹಿಮ್ಮಡಿ ಎತ್ತಿ ಇಳಿಸಿ. 20 ಸಲ ಮುಂಪಾದ ಎತ್ತಿ ಇಳಿಸಿ. ಕಾಲ್ಬೆರಳು ಮಡಿಸಿ ಬಿಚ್ಚಿ.
• ಸಾಧ್ಯವಿದ್ದರೆ ನಡುದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಬಸ್ ನಿಂತಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಕಾಲಿನ ಮುಂದೆ ಚೀಲ ಒಟ್ಟಿಕೊಳ್ಳಬೇಡಿ.
• ನೀರು ಕುಡಿಯಿರಿ. ಬಸ್ ನಿಲ್ಲಿಸಿ ಎಂದು ಕೇಳುವುದು ನಾಚಿಕೆಯಲ್ಲ.
• ಆಪರೇಷನ್ ಆದವರು, ಬಾಣಂತಿಯರು ದೂರದ ಪ್ರಯಾಣಕ್ಕೆ ಮುಂಚೆ ಡಾಕ್ಟರನ್ನು ಕೇಳಿ. ಬಾಣಂತಿಯನ್ನು ವಾರಗಟ್ಟಲೆ ಮಂಚದಿಂದ ಇಳಿಸದಿರುವುದು ಕಾಳಜಿಯಲ್ಲ; ಮನೆಯೊಳಗಾದರೂ ಓಡಾಡಲಿ.
• ಬಿಗಿ ಕಾಲುಚೀಲ, ಆಸ್ಪಿರಿನ್ ಎರಡನ್ನೂ ಡಾಕ್ಟರು ಹೇಳದೆ ಶುರು ಮಾಡಬೇಡಿ.
• ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಮಕ್ಕಳಿಗೂ, ದಿನವಿಡೀ ಹೋಟೆಲು, ಅಂಗಡಿಗಳಲ್ಲಿ ನಿಂತೇ ದುಡಿಯುವ ನಮ್ಮವರಿಗೂ ಇದೇ ವ್ಯಾಯಾಮ.

ದೊಡ್ಡಮ್ಮ ಈಗಲೂ ಪುಣೆಗೆ ಬರುತ್ತಾರೆ. "ಬಸ್ ನಿಂತಲ್ಲೆಲ್ಲಾ ಇಳೀತೀನಿ ನೋಡೋ, ಕಂಡಕ್ಟರಗೂ ಸಾಕಾಗ್ಯದ" ಎಂದು ನಗುತ್ತಾರೆ.

ಈ ಲೇಖನ ಡಾಕ್ಟರ ಪರೀಕ್ಷೆಗೆ ಬದಲಿಯಲ್ಲ. ಆದರೆ ಊರಿಂದ ಅಪ್ಪ, ಅಮ್ಮ, ಅತ್ತೆ, ಮಾವ ಬಂದಿಳಿದಾಗ "ಊಟ ಆಯ್ತಾ?" ಎಂದು ಕೇಳುವ ಜೊತೆಗೆ "ಕಾಲು ತೋರಿಸಿ" ಎಂದೂ ಕೇಳಿ. ನಿಮ್ಮ ಊರಿನ ಗ್ರೂಪಿಗೂ, ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸುವ ಮನೆಯ ಹುಡುಗರಿಗೂ ಇದನ್ನು ಕಳಿಸಿ.

ಮುಂದಿನ ವಾರ: ಉಪ್ಪು ಮತ್ತು ಉಪ್ಪಿನಕಾಯಿ.